ಲೆಕ್ಕಕ್ಕೆ ಸ್ಪ್ಯಾನಿಷ್, ಮನೆಗೆ ಕನ್ನಡ

ಭಾಷೆಯನ್ನು ಅಂಕಕ್ಕಾಗಿ ಆರಿಸಿಕೊಳ್ಳುವುದು ನಮ್ಮವರಿಗೆ ಹೊಸತೇನಲ್ಲ. ಹಾಸನದಲ್ಲಿ ನಾನು ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ತರಗತಿಯ ಬಹುಪಾಲು ಮಂದಿ ಕನ್ನಡ ಬಿಟ್ಟು ಸಂಸ್ಕೃತ ತೆಗೆದುಕೊಂಡರು. ಕಾಳಿದಾಸನ ಮೇಲಿನ ಪ್ರೀತಿಯಿಂದಲ್ಲ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ತೊಂಬತ್ತರ ಮೇಲೆ ಗಳಿಸಬಹುದೆಂಬ ಕಾರಣಕ್ಕೆ. ನಾನೂ ಅವರಲ್ಲೊಬ್ಬಳು. ತಮಾಷೆಯೆಂದರೆ ಇಂಜಿನಿಯರಿಂಗ್ ಸೀಟಿನ ಸಿಇಟಿ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಷ್ಟೇ ಸೇರುತ್ತಿದ್ದವು. ಭಾಷೆಯಲ್ಲಿ ತೇರ್ಗಡೆಯಾದರೆ ಸಾಕಿತ್ತು. ಅಷ್ಟೊಂದು ಅಂಕ ಬಂದದ್ದು ನೆಂಟರ ಮುಂದೆ ಶೇಕಡಾವಾರು ಹೇಳಿಕೊಳ್ಳಲು ಮಾತ್ರ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಗಳನ್ನು ಕಾಲೇಜಿಗೆ ಸೇರಿಸುವಾಗ ಎಲ್ಲವೂ ತಿರುಗುಮುರುಗಾಗಿ ಕಂಡಿತು. ಇಲ್ಲಿ ಜೀವಶಾಸ್ತ್ರ ಓದಬೇಕೆನ್ನುವ ಹುಡುಗಿಯ ಅರ್ಜಿಯಲ್ಲೂ ಪರಭಾಷೆಯ ಸಾಲೊಂದು ಇರುತ್ತದೆ, ಅದನ್ನು ಗಮನವಿಟ್ಟು ಓದುವವರೂ ಇರುತ್ತಾರೆ. ಆ ಸಾಲನ್ನು ತುಂಬುವ ಕೆಲಸ ಏಳನೇ ತರಗತಿಯಲ್ಲೇ ಶುರುವಾಗುತ್ತದೆ. 2019ರ ವಸಂತದಲ್ಲಿ ಶಾಲೆಯಿಂದ ಬಂದ ಹಾಳೆಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಮ್ಯಾಂಡರಿನ್, ಜಪಾನೀಸ್ ಎಂದಿತ್ತು. ಒಂದಕ್ಕೆ ಗುರುತು ಹಾಕಿ ವಾರದೊಳಗೆ ಹಿಂತಿರುಗಿಸಬೇಕು.

ಆ ವಾರ ನಮ್ಮ ಪರಿಚಯದ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಸ್ಪ್ಯಾನಿಷ್ ಊರಿಗೆಲ್ಲ ಬರುವುದು, ಅದರಿಂದ ಅರ್ಜಿ ಎದ್ದು ಕಾಣುವುದಿಲ್ಲ ಎಂದರು ಒಬ್ಬರು. ಮ್ಯಾಂಡರಿನ್ ಬರೆದರೆ ಐವಿ ಲೀಗ್ ಎಂಬ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳವರು ಕಣ್ಣರಳಿಸುತ್ತಾರೆ ಎಂದರು ಇನ್ನೊಬ್ಬರು. ಡಾಕ್ಟರಾಗುವವರಿಗೆ ಲ್ಯಾಟಿನ್ನೇ ಸರಿ, ಅದು ಇರುವ ಶಾಲೆಗೆ ವರ್ಗ ಮಾಡಿಸಿಕೊಳ್ಳಿ ಎಂದು ಸಲಹೆ ಕೊಟ್ಟವರೂ ಉಂಟು. ಮೂವರ ಮಕ್ಕಳೂ ಆಗ ಪ್ರಾಥಮಿಕ ಶಾಲೆಯಲ್ಲಿದ್ದರು! ಕೇಳಿದ ಮಾತಿನ ಮೇಲೆ ಮಗುವಿನ ಐದು ವರ್ಷ ಹೂಡಲು ಮನಸ್ಸು ಬರಲಿಲ್ಲ. ರಾತ್ರಿ ಕುಳಿತು ಒಂದೊಂದೇ ವಿಶ್ವವಿದ್ಯಾಲಯದ ಪ್ರವೇಶ ಪುಟ ತೆರೆದೆ.

ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ನಾಲ್ಕು ವರ್ಷ ಒಂದೇ ಪರಭಾಷೆ ಕಲಿತಿರಲಿ ಎನ್ನುತ್ತವೆ. ಸ್ಟ್ಯಾನ್‌ಫರ್ಡ್ ಮೂರು ಅಥವಾ ಹೆಚ್ಚು ಎನ್ನುತ್ತದೆ. ಎಂಐಟಿಗೆ ಎರಡು ವರ್ಷವಾದರೆ ಸಾಕು, ಅದೂ ಶಿಫಾರಸು ಮಾತ್ರ. ನಮಗೆ ಹೆಚ್ಚು ಬೇಕಾಗಿದ್ದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ಎ-ಇಂದ-ಜಿ-ವರೆಗೆ ಏಳು ವಿಷಯ ಗುಂಪುಗಳನ್ನು ಮಾಡಿದೆ. ಅದರಲ್ಲಿ ‘ಇ’ ಎಂಬುದು ಇಂಗ್ಲಿಷ್ ಅಲ್ಲದ ಭಾಷೆ. ಎರಡು ವರ್ಷ ಕಡ್ಡಾಯ, ಮೂರು ವರ್ಷವಾದರೆ ಒಳ್ಳೆಯದು. ಈ ಪುಟಗಳಲ್ಲಿ ಎಲ್ಲೂ ಇಂತಿಂಥ ಭಾಷೆಗೆ ಹೆಚ್ಚು ತೂಕ ಎಂದಿರಲಿಲ್ಲ. ಎಷ್ಟು ಕಾಲ, ಎಷ್ಟು ಎತ್ತರದ ಹಂತದವರೆಗೆ, ಮತ್ತು ಒಂದೇ ಭಾಷೆಯಲ್ಲಿಯೇ ಎಂಬುದಷ್ಟೇ ಅವರ ಕಾಳಜಿ. ಎರಡು ವರ್ಷ ಫ್ರೆಂಚ್, ಎರಡು ವರ್ಷ ಜಪಾನೀಸ್ ಎಂಬ ಮಿಶ್ರಣಕ್ಕೆ ನಾಲ್ಕು ವರ್ಷದ ಬೆಲೆಯಿಲ್ಲ.

ಮ್ಯಾಂಡರಿನ್ ಬೇಡ ಎನ್ನಲು ನನಗೆ ಬೇರೆ ಕಾರಣವೂ ಇತ್ತು. ನಮ್ಮ ಊರಿನ ಶಾಲೆಯಲ್ಲಿ ಆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಯಲ್ಲಿ ಚೀನೀ ಮಾತನಾಡುವವರು. ಪ್ರೌಢಶಾಲೆಯಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಎಪಿ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಕೂಡ ಭಾಷಾ ಪರೀಕ್ಷೆಗಳ ಫಲಿತಾಂಶವನ್ನು ಎರಡು ಬಗೆಯಾಗಿ ಪ್ರಕಟಿಸುತ್ತದೆ, ಎಲ್ಲರದ್ದು ಒಂದು, ಆ ಭಾಷೆಯನ್ನು ತರಗತಿಯಲ್ಲೇ ಕಲಿತವರದ್ದು ಇನ್ನೊಂದು. ಚೀನೀ ಭಾಷೆಯಲ್ಲಿ ಇವೆರಡರ ನಡುವಿನ ಅಂತರ ಎದ್ದು ಕಾಣುತ್ತದೆ. ಮನೆಮಾತಿನ ಮಕ್ಕಳ ಸಾಲಿನಲ್ಲಿ ನಿಂತು ನಮ್ಮ ಹುಡುಗಿ ಬಿ ಗ್ರೇಡಿಗೆ ಹೆಣಗುವುದು ಯಾವ ಪುರುಷಾರ್ಥಕ್ಕೆ? ಅವಳನ್ನೇ ಕೇಳಿದೆ. “ಸ್ಪ್ಯಾನಿಷ್, ಅಮ್ಮ. ಪಾರ್ಕಿನಲ್ಲಿ ಅರ್ಧ ಜನ ಅದನ್ನೇ ಮಾತನಾಡುತ್ತಾರೆ” ಎಂದಳು. ಇಷ್ಟು ಪುಟ ಓದಿದ ಮೇಲೂ ನನಗೆ ಹೊಳೆಯದ ಕಾರಣ ಅದು. ಗುರುತು ಹಾಕಿ ಕಳುಹಿಸಿದೆವು.

ಕನ್ನಡದ ಮಾತು ಬರಬೇಕಲ್ಲ. ಭಾನುವಾರ ಬೆಳಿಗ್ಗೆ ಕನ್ನಡ ಶಾಲೆಗೆ ಅವಳು ಆರನೇ ವಯಸ್ಸಿನಿಂದ ಹೋಗುತ್ತಿದ್ದಳು. ಓದುತ್ತಾಳೆ, ಮಹಾಪ್ರಾಣಗಳನ್ನು ಮನಸ್ಸಿಗೆ ಬಂದಂತೆ ಹಾಕಿದರೂ ಬರೆಯುತ್ತಾಳೆ, ಅಜ್ಜಿಯ ಜೊತೆ ಫೋನಿನಲ್ಲಿ ಹಾಸನದ ಕನ್ನಡವನ್ನೇ ಆಡುತ್ತಾಳೆ. ಇದಕ್ಕೆ ಶಾಲೆಯ ಲೆಕ್ಕದಲ್ಲಿ ಎಲ್ಲಿ ಜಾಗ ಎಂದು ಹುಡುಕಿದೆ. ಎಪಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಲ್ಯಾಟಿನ್, ಚೀನೀ, ಜಪಾನೀಸ್ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ಆಗಿನ್ನೂ ಜೀವಂತವಿದ್ದ, 2021ರ ಜನವರಿಯಲ್ಲಿ ರದ್ದಾದ, ಕಾಲೇಜು ಪ್ರವೇಶಕ್ಕೆ ಬರೆಯುತ್ತಿದ್ದ ಸ್ಯಾಟ್ ವಿಷಯ ಪರೀಕ್ಷೆಗಳಲ್ಲಿ ಹೀಬ್ರೂ, ಕೊರಿಯನ್ ಇದ್ದವು, ಹಿಂದಿ ಕೂಡ ಇರಲಿಲ್ಲ. ಪ್ರೌಢಶಾಲಾ ಮಕ್ಕಳನ್ನು ಭಾಷೆ ಕಲಿಯಲು ಹೊರದೇಶಕ್ಕೆ ಕಳುಹಿಸುವ ಅಮೆರಿಕ ಸರ್ಕಾರದ ಯೋಜನೆಯಲ್ಲಿ ಆಗ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಅತ್ತ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ಕನ್ನಡ ಕಲಿಸುತ್ತದೆ. ಇಲ್ಲಿನ ಸಂಶೋಧಕರು ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಹೋಗಿ ಒತ್ತಕ್ಷರ ತಿದ್ದುತ್ತಾರೆ. ಪಿಎಚ್‌ಡಿ ಮಾಡುವವರು ಕಲಿತರೆ ವಿದ್ವತ್ತು, ಹದಿನಾರರ ಹುಡುಗಿಗೆ ಬಂದರೆ ಖಾಲಿ ಕಲಂ.

ಪೂರ್ತಿ ಖಾಲಿಯಲ್ಲ ಎಂಬುದು ಆಮೇಲೆ ತಿಳಿಯಿತು. ಯುಸಿ ನಿಯಮಗಳ ಒಳಪುಟಗಳಲ್ಲಿ ಎರಡು ಬಾಗಿಲುಗಳಿವೆ. ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಆರನೇ ತರಗತಿ ಅಥವಾ ಮೇಲಿನ ಹಂತದಲ್ಲಿ ಎರಡು ವರ್ಷ ಓದಿದ್ದರೆ ‘ಇ’ ಪೂರೈಸಿದಂತೆ. ಬೇರೆ ದಾರಿಯಿಲ್ಲದ ಭಾಷೆಗಳಿಗೆ, ಶಾಲೆಯ ಪ್ರಾಂಶುಪಾಲರು ಸ್ಪಷ್ಟವಾದ ಮಾನದಂಡ ಇಟ್ಟುಕೊಂಡು ವಿದ್ಯಾರ್ಥಿಯ ಸಾಮರ್ಥ್ಯವನ್ನು ಪ್ರಮಾಣೀಕರಿಸಿ ಗ್ರೇಡುಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟಿನಲ್ಲಿ ನಮೂದಿಸಬಹುದು. ಮೊದಲನೆಯದು ನಮ್ಮ ಬೀದಿಯ ಹುಡುಗನೊಬ್ಬನಿಗೆ ಉಪಯೋಗಕ್ಕೆ ಬಂತು. ಸೋದರಮಾವ ಹಾಕಿದ ವಲಸೆ ಅರ್ಜಿಯ ಮೇಲೆ ಅಮೆರಿಕಕ್ಕೆ ಬಂದ ಕುಟುಂಬ. ಹುಬ್ಬಳ್ಳಿ ಕಡೆಯ ಹಳ್ಳಿಯಲ್ಲಿ ಎಂಟನೆಯವರೆಗೆ ಕನ್ನಡ ಮಾಧ್ಯಮ. ಅವನ ತಾಯಿ ಅಂಕಪಟ್ಟಿಗಳನ್ನು ಕೈಯಲ್ಲಿ ಹಿಡಿದು, “ಇವು ಇಲ್ಲಿ ಏನಕ್ಕೂ ಬರುವುದಿಲ್ಲ ಅಲ್ಲವೇನ್ರೀ?” ಎಂದು ಕೇಳಿದ್ದರು. ಬಂದವು. ಅವನು ಪರಭಾಷೆಯ ಎರಡು ಪೀರಿಯಡ್ ಉಳಿಸಿ ಇಂಗ್ಲಿಷಿಗೂ ರಸಾಯನಶಾಸ್ತ್ರಕ್ಕೂ ಬಳಸಿಕೊಂಡ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಅದರಿಂದಲೇ ಲಾಭವಾದ ಪ್ರಸಂಗವನ್ನು ನಾನು ನೋಡಿದ್ದು ಅದೊಂದೇ, ಅದೂ ಕ್ಯಾಲಿಫೋರ್ನಿಯಾದಲ್ಲಿ.

ಎರಡನೇ ಬಾಗಿಲಿನ ವಿಷಯವನ್ನು, ವಿಷಯ ಆಯ್ಕೆಗೂ ಕಾಲೇಜು ಅರ್ಜಿಗೂ ಸಲಹೆ ಕೊಡುವ ಶಾಲೆಯ ಕೌನ್ಸೆಲರ್ ಮುಂದಿಟ್ಟೆ. ಆಕೆ ಒಳ್ಳೆಯವರು, ನೇರವಾಗಿ ಮಾತನಾಡುವವರು. “ಕಡ್ಡಾಯ ಪೂರೈಸಲು ಅದು ಸಾಕು. ಪೈಪೋಟಿಗೆ ಸಾಲದು” ಎಂದರು. ಆಗ ನನಗೆ ಈ ವ್ಯವಸ್ಥೆಯ ಒಳಲೆಕ್ಕ ಸರಿಯಾಗಿ ಅರ್ಥವಾಯಿತು. ಪ್ರವೇಶ ಕಚೇರಿಯವರು ಮಗುವಿಗೆ ಎಷ್ಟು ಭಾಷೆ ಬರುತ್ತದೆ ಎಂದು ನೋಡುವುದಕ್ಕಿಂತ, ಶಾಲೆ ಮುಂದಿಟ್ಟ ತರಗತಿಗಳಲ್ಲಿ ಮಗು ಎಷ್ಟು ಕಷ್ಟದ್ದನ್ನು ಆರಿಸಿತು ಎಂದು ನೋಡುತ್ತಾರೆ. ಕಾಮನ್ ಆ್ಯಪ್ ಎಂಬ, ಹಲವು ಕಾಲೇಜುಗಳಿಗೆ ಒಟ್ಟಿಗೆ ಸಲ್ಲುವ ಅರ್ಜಿಯ ಜೊತೆ ಕೌನ್ಸೆಲರ್ ಕಳುಹಿಸುವ ವರದಿಯಲ್ಲಿ ವಿದ್ಯಾರ್ಥಿಯ ವಿಷಯ ಆಯ್ಕೆ ಅತ್ಯಂತ ಕಠಿಣವೇ, ಬಹಳ ಕಠಿಣವೇ, ಸಾಧಾರಣವೇ ಎಂದು ಗುರುತು ಹಾಕುವ ಜಾಗವಿದೆ. ವಿಶ್ವವಿದ್ಯಾಲಯಗಳು ಪ್ರತಿವರ್ಷ ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯಲ್ಲೂ ಈ ಕಠಿಣತೆಯನ್ನು ‘ಬಹಳ ಮುಖ್ಯ’ ಎಂಬ ಕಲಮಿನಲ್ಲಿಯೇ ಹೆಚ್ಚಾಗಿ ಹಾಕಿರುತ್ತಾರೆ. ಭಾಷೆ ಆ ಕಠಿಣತೆಯ ಒಂದು ಮೆಟ್ಟಿಲು. ತೊಟ್ಟಿಲಲ್ಲಿ ಕಲಿತ ಭಾಷೆಗೆ ಮೆಟ್ಟಿಲೆಲ್ಲಿ?

ಸ್ಪ್ಯಾನಿಷ್ ಒಂದನೇ ವರ್ಷ ಎಂಟನೇ ತರಗತಿಯಲ್ಲಿ ಮುಗಿಯುವ ಮೊದಲೇ ಕೊರೊನಾ ಬಂತು. ಒಂಬತ್ತನೆಯದು ಬಹುತೇಕ ಮಲಗುವ ಕೋಣೆಯಲ್ಲೇ ಕಳೆಯಿತು. ಕ್ಯಾಮೆರಾ ಆರಿಸಿ ಕ್ರಿಯಾಪದದ ರೂಪಗಳನ್ನು ಗೊಣಗುವುದು ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಹತ್ತನೆಯಲ್ಲಿ ಶಾಲೆ ತೆರೆದಾಗ ಅದರ ಬಿಲ್ ಬಂತು. ಸ್ಪ್ಯಾನಿಷ್ ಮೂರರ ಮೊದಲ ಸೆಮಿಸ್ಟರಿನಲ್ಲಿ ಬಿ. ಯುಸಿ ತನ್ನ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಲೆಕ್ಕ ಹಾಕುವುದು ಹತ್ತು ಮತ್ತು ಹನ್ನೊಂದನೇ ತರಗತಿಯ ಗ್ರೇಡುಗಳನ್ನೇ. ನಮ್ಮವರು, ಅಂದರೆ ನನ್ನ ಗಂಡ, ಮುಖ ಗಂಟಿಕ್ಕಿಕೊಂಡು, “ಕಡ್ಡಾಯ ಮುಗಿಯಿತಲ್ಲ, ಮುಂದಿನ ವರ್ಷ ಬಿಟ್ಟುಬಿಡಲಿ” ಎಂದರು. ಲೆಕ್ಕದ ಪ್ರಕಾರ ಅವರ ಮಾತು ಅಷ್ಟೇನೂ ಸರಿಯಿರಲಿಲ್ಲ: ಎಪಿ ತರಗತಿಗೆ ಯುಸಿ ಒಂದು ಅಂಕ ಹೆಚ್ಚು ಕೊಡುತ್ತದೆ, ಅಲ್ಲಿ ಬಿ ಬಂದರೂ ಮಾಮೂಲಿ ತರಗತಿಯ ಎ ಗ್ರೇಡಿನಂತೆ ನಾಲ್ಕೇ, ಆ ಹೆಚ್ಚಿನ ಅಂಕಕ್ಕೆ ಎಂಟು ಸೆಮಿಸ್ಟರುಗಳ ಮಿತಿ ಇದೆ ಎಂಬುದು ಬೇರೆ ಮಾತು. ಮಗಳು ಲೆಕ್ಕದ ಗೊಡವೆಗೆ ಹೋಗಲಿಲ್ಲ. ಬಿಡುವುದಿಲ್ಲ ಎಂದಳು, ಅಷ್ಟೇ.

ಅವಳ ಹಟಕ್ಕೆ ಕಾರಣ ಶನಿವಾರಗಳು. ಉಚಿತವಾಗಿ ದಿನಸಿ ಹಂಚುವ ಕೇಂದ್ರವೊಂದರಲ್ಲಿ ಸ್ವಯಂಸೇವಕಿಯಾಗಿ ಹೋಗುತ್ತಿದ್ದಳು. ಅಲ್ಲಿಗೆ ಬರುವ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ತಾಯಂದಿರ ವೇಗಕ್ಕೆ ಪಠ್ಯಪುಸ್ತಕದ ಸ್ಪ್ಯಾನಿಷ್ ಮೊದಮೊದಲು ಏನೂ ಸಾಟಿಯಾಗಲಿಲ್ಲ. ಎಷ್ಟು ಜನ ಮನೆಯಲ್ಲಿ, ಮಗುವಿಗೆ ಯಾವ ಅಳತೆಯ ಡೈಪರು, ಮುಂದಿನ ಸಲ ಯಾವಾಗ ಬರಬೇಕು ಎಂಬಷ್ಟನ್ನು ಸರಾಗ ಮಾಡಿಕೊಳ್ಳಲು ತಿಂಗಳುಗಳೇ ಹಿಡಿದವು. ಒಬ್ಬ ಅಜ್ಜಿ ಇವಳನ್ನು ತಮ್ಮವಳೆಂದೇ ತಿಳಿದು ಊರು ಯಾವುದೆಂದು ವಿಚಾರಿಸಿದರಂತೆ. ಹಾಸನ ಎಂದಳಂತೆ. ಅದು ಯಾವ ರಾಜ್ಯದಲ್ಲಿ ಬರುತ್ತದೆ, ಮೆಕ್ಸಿಕೋದ ಒಹಾಕಾದಲ್ಲೇ ಎಂದು ಕೇಳಿದರಂತೆ.

2023ರ ಮೇ ತಿಂಗಳಲ್ಲಿ ಎಪಿ ಸ್ಪ್ಯಾನಿಷ್ ಭಾಷಾ ಪರೀಕ್ಷೆ. ಇದರ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಾನು ಸಂಸ್ಕೃತದಲ್ಲಿ ಬಾಯಿಪಾಠ ಒಪ್ಪಿಸಿ ಅಂಕ ಗಳಿಸಿದವಳು. ಇಲ್ಲಿ ಅರ್ಧದಷ್ಟು ಅಂಕ ಬರೆಯುವುದಕ್ಕೂ ಮಾತನಾಡುವುದಕ್ಕೂ. ಒಂದು ಮಿಂಚಂಚೆಗೆ ಉತ್ತರ, ಮೂರು ಆಕರಗಳನ್ನು ಓದಿ ಕೇಳಿ ವಾದಿಸುವ ಪ್ರಬಂಧ, ಧ್ವನಿಮುದ್ರಿತ ಸಂಭಾಷಣೆಯಲ್ಲಿ ಪ್ರತಿ ಮಾತಿಗೂ 20 ಸೆಕೆಂಡುಗಳ ಉತ್ತರ, ಕೊನೆಗೆ ಎರಡು ನಿಮಿಷಗಳ ಸಾಂಸ್ಕೃತಿಕ ಹೋಲಿಕೆ: ಸ್ಪ್ಯಾನಿಷ್ ಆಡುವ ಸಮುದಾಯದ ಯಾವುದಾದರೂ ಆಚರಣೆಯನ್ನು ನಿಮ್ಮ ಸಮುದಾಯದ ಜೊತೆ ಇಟ್ಟು ಮಾತನಾಡಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅವಳು ಮೆಕ್ಸಿಕೋದ ಸತ್ತವರ ದಿನವನ್ನು ಆರಿಸಿಕೊಂಡಳು. ನವೆಂಬರ್ ಆರಂಭದಲ್ಲಿ ತೀರಿಕೊಂಡವರ ಚಿತ್ರವಿಟ್ಟು ಅವರಿಗಿಷ್ಟವಾದ ತಿಂಡಿ ಬಡಿಸುತ್ತಾರೆ. ತರಗತಿಯ ಉಳಿದ ಮಕ್ಕಳು ಅದಕ್ಕೆ ಹ್ಯಾಲೋವೀನ್ ಜೋಡಿಸಿದರು. ಇವಳು ಮಹಾಲಯ ಅಮಾವಾಸ್ಯೆಯ ಎಡೆ ಜೋಡಿಸಿದಳು. ತಾತನಿಗೆ ಬೀಡಿಯೂ ಇಡುತ್ತಿದ್ದರೆಂಬುದನ್ನು ಅಜ್ಜಿಯಿಂದ ಫೋನಿನಲ್ಲಿ ಕೇಳಿ ಬರೆದುಕೊಂಡದ್ದನ್ನು ಸ್ಪ್ಯಾನಿಷಿನಲ್ಲಿ ಹೇಳುವುದನ್ನು ಬಾಗಿಲ ಹೊರಗೆ ನಿಂತು ಕೇಳಿದೆ. ಖಾಲಿ ಕಲಮಿನ ಕನ್ನಡ ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದಿತ್ತು. ಜುಲೈಯಲ್ಲಿ ಫಲಿತಾಂಶ: ಐದಕ್ಕೆ ನಾಲ್ಕು.

ಅಷ್ಟರಲ್ಲಿ ಹನ್ನೆರಡನೆಯ ತರಗತಿಯ ವಿಷಯ ಆಯ್ಕೆಯ ಜಗಳ ಮುಗಿದಿತ್ತು. ಜಗಳವೆಂದೇ ಕರೆಯಬೇಕು. ಕ್ಯಾಲ್ಕುಲಸ್ ಬಳಸುವ ಎಪಿ ಭೌತಶಾಸ್ತ್ರವೂ ಎಪಿ ಸ್ಪ್ಯಾನಿಷ್ ಸಾಹಿತ್ಯವೂ ವೇಳಾಪಟ್ಟಿಯಲ್ಲಿ ಒಂದೇ ಪೀರಿಯಡಿಗೆ ಬಿದ್ದಿದ್ದವು. ಭೌತಶಾಸ್ತ್ರ ಬಿಟ್ಟವರನ್ನು ಯಾವ ಕಾಲೇಜು ಮೂಸಿ ನೋಡುತ್ತದೆ ಎಂಬುದು ನಮ್ಮವರ ವಾದ. ಅವರೂ ಸಿಇಟಿ ಬರೆದು ಬಂದವರೇ. ಸಾಹಿತ್ಯದ ತರಗತಿಯಲ್ಲಿ ಮಧ್ಯಯುಗದಿಂದ ಇಂದಿನವರೆಗಿನ 38 ಕೃತಿಗಳನ್ನು ಸ್ಪ್ಯಾನಿಷಿನಲ್ಲೇ ಓದಬೇಕು. ಆ ಪಟ್ಟಿ ನೋಡಿ ನನಗೇ ಸುಸ್ತಾಯಿತು. ಕೌನ್ಸೆಲರ್ ಪಕ್ಷ ವಹಿಸಲಿಲ್ಲ. ಇಂಜಿನಿಯರಿಂಗ್ ಆಗಿದ್ದರೆ ಭೌತಶಾಸ್ತ್ರವನ್ನೇ ಹೇಳುತ್ತಿದ್ದೆ, ಜೀವಶಾಸ್ತ್ರಕ್ಕೆ ಹೋಗುವವಳು, ಸಾಧಾರಣ ಭೌತಶಾಸ್ತ್ರ ಹನ್ನೊಂದರಲ್ಲೇ ಮುಗಿದಿದೆ, ಕ್ಯಾಲ್ಕುಲಸ್ ಇದೆ, ಎರಡೂ ಕಠಿಣವೇ, ಸುಲಭದ್ದಕ್ಕಾಗಿ ಭಾಷೆ ಬಿಟ್ಟಿದ್ದರೆ ಮಾತ್ರ ಓದುವವರ ಕಣ್ಣಿಗೆ ಬೀಳುತ್ತಿತ್ತು ಎಂದರು. ನಾಲ್ಕನೇ ವರ್ಷ ಬೇಕೇ ಬೇಡವೇ ಎಂದು ನನ್ನನ್ನು ಕೇಳುವ ತಾಯಂದಿರಿಗೆ ನಾನು ಮೊದಲು ಕೇಳುವುದು ಅದನ್ನೇ: ಬಿಟ್ಟ ಜಾಗಕ್ಕೆ ಏನು ಬರುತ್ತದೆ? ಮಗಳು ಸಾಹಿತ್ಯ ಆರಿಸಿಕೊಂಡಳು. ಮನೆಯಲ್ಲಿ ಒಂದು ವಾರ ಊಟದ ಹೊತ್ತಿಗೆ ಮಾತು ಕಡಿಮೆಯಿತ್ತು.

ಅರ್ಜಿಗಳ ಕಾಲದಲ್ಲಿ ಎಲ್ಲರೂ ಒಬ್ಬ ಖಾಸಗಿ ಸಲಹೆಗಾರರನ್ನು ಹಿಡಿಯುತ್ತಾರೆಂದು ನಾವೂ ಹಿಡಿದೆವು. ಗಂಟೆಗೆ ಇಷ್ಟು ಎಂಬ ದರ ಕೇಳಿದಾಗ ಹಾಸನದಲ್ಲಿ ನನ್ನ ನಾಲ್ಕು ವರ್ಷದ ಕಾಲೇಜು ಶುಲ್ಕ ನೆನಪಾಯಿತು. ಅವರ ಮೊದಲ ಸಲಹೆ: ಅಜ್ಜಿ, ಅಡುಗೆ, ಮರೆತುಹೋಗುತ್ತಿರುವ ಮಾತೃಭಾಷೆ ಈ ಮೂರನ್ನು ಪ್ರಬಂಧದಲ್ಲಿ ತರಬೇಡಿ, ವರ್ಷಕ್ಕೆ ಸಾವಿರಾರು ಬರುತ್ತವೆ. ಕೇಳಿ ಸಿಟ್ಟು ಬಂತು, ಆದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ವರ್ಷದ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿಲ್ಲಿಸಿತ್ತು. ಬದುಕಿನ ಅನುಭವವನ್ನು ಪ್ರಬಂಧದಲ್ಲಿ ಬರೆಯಲು ಅಡ್ಡಿಯಿಲ್ಲವಾದ್ದರಿಂದ ಮನೆ, ಭಾಷೆ, ವಲಸೆಗಳ ಕಥೆಗಳು ಇನ್ನಷ್ಟು ಬರಲಿವೆ ಎಂಬುದು ಅವರ ಅಂದಾಜು. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆ ನಿಷೇಧ 1996ರ ಜನಮತದಿಂದಲೇ ಇತ್ತು.

ಯುಸಿ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದಗಳೊಳಗೆ ಉತ್ತರ ಕೇಳುತ್ತದೆ. ಒಂದರಲ್ಲಿ ದಿನಸಿ ಕೇಂದ್ರದ ಬಗ್ಗೆ ಬರೆದಳು. ಅಳುವ ಮಗುವಿಲ್ಲ, ಕೃತಜ್ಞತೆಯ ಕಣ್ಣೀರಿಲ್ಲ. ಸರದಿ ಚೀಟಿಯಲ್ಲಿ ಇಂಗ್ಲಿಷ್ ಮಾತ್ರ ಇದ್ದುದರಿಂದ ಜನ ತಪ್ಪು ದಿನ ಬರುತ್ತಿದ್ದುದು, ಎರಡು ಭಾಷೆಯ ಚೀಟಿ ಮಾಡಿದ್ದು, ಮೊದಲ ಚೀಟಿಯಲ್ಲಿ ತನ್ನ ಸ್ಪ್ಯಾನಿಷ್ ತಪ್ಪನ್ನು ಬಂದವರೇ ತಿದ್ದಿದ್ದು. ಇನ್ನೊಂದರಲ್ಲಿ ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವಾಗ, ಹುಲಿ ಹಸುವಿನ ಪದ್ಯಗಳಿರುವ ಪುಸ್ತಕ ಬದಿಗಿಟ್ಟು ಪಿಜ್ಜಾ ಕೊಡಿಸುವಂತೆ ಅಪ್ಪನನ್ನು ಕನ್ನಡದಲ್ಲಿ ಒಪ್ಪಿಸುವ ಆಟ ಕಟ್ಟಿದ್ದನ್ನು ಬರೆದಳು. ಸಲಹೆಗಾರರು ಇದನ್ನು ತೆಗೆಯಲು ಹೇಳಿದರು. ತೆಗೆಯಲಿಲ್ಲ. ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ, ಪ್ರತಿಯೊಂದರ ವಿವರಣೆ 150 ಅಕ್ಷರಗಳೊಳಗೆ; ಹತ್ತು ವರ್ಷದ ಭಾನುವಾರಗಳು ಅಲ್ಲಿ ಒಂದೂವರೆ ಸಾಲಾದವು. ಬಲ್ಲ ಭಾಷೆಗಳ ಪಟ್ಟಿಯೂ ಇದೆ. ಕನ್ನಡದ ಎದುರು ಮಾತು, ಓದು, ಬರವಣಿಗೆ, ಮನೆಮಾತು ಎಂಬ ಚೌಕಗಳಿಗೆ ಗುರುತು ಹಾಕುವಾಗ ಬರವಣಿಗೆಯ ಹತ್ತಿರ ಕೈ ತಡೆದು, “ಹಾಕಲಾ ಅಮ್ಮ?” ಎಂದಳು. ಹಾಕು, ಮಹಾಪ್ರಾಣದ ಬಗ್ಗೆ ಅಲ್ಲಿ ಚೌಕವಿಲ್ಲ ಎಂದೆ.

ದ್ವಿಭಾಷಾ ಮುದ್ರೆಯ ವಿಷಯವನ್ನು ಹೊಸ ಪಾಲಕರು ಬಹಳ ಕೇಳುತ್ತಾರೆ. ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲಿ ಪಳಗಿದವರ ಡಿಪ್ಲೊಮಾಕ್ಕೆ ಹಚ್ಚುವ ಈ ಮುದ್ರೆಯನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2011ರ ಕಾನೂನಿನಿಂದ. ಎಪಿಯಲ್ಲಿ ಮೂರು ಅಥವಾ ಹೆಚ್ಚು ಬಂದರೆ ಭಾಷೆಯ ಭಾಗ ಪೂರೈಸಿದಂತೆ. ಎಪಿ ಇಲ್ಲದ ಭಾಷೆಗೆ ಶಾಲಾ ಜಿಲ್ಲೆ, ಅಂದರೆ ಊರಿನ ಶಾಲೆಗಳ ಆಡಳಿತದವರು, ಒಪ್ಪುವ ಬೇರೆ ಪರೀಕ್ಷೆ ಬೇಕು. ಅವಳು ಸ್ಪ್ಯಾನಿಷಿಗೆ ಸುಲಭವಾಗಿ ಪಡೆದಳು. ಕನ್ನಡಕ್ಕೂ ಬೇಕೆಂದು ಅವಳೇ ಹೇಳಿ, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತು ಪರೀಕ್ಷೆ ಬರೆದಳು. ಆದರೆ ಗಮನಿಸಿ: ಆ ಮುದ್ರೆ ಹಚ್ಚುವುದು ಜೂನಿನಲ್ಲಿ, ಪದವಿ ಸಮಾರಂಭದ ಹೊತ್ತಿಗೆ. ಕಾಲೇಜುಗಳ ನಿರ್ಧಾರ ಮಾರ್ಚಿಗೇ ಬಂದಿರುತ್ತದೆ. ಪ್ರವೇಶಕ್ಕಾಗಿ ಅದರ ಹಿಂದೆ ಓಡುವವರಿಗೆ ಇದನ್ನು ಹೇಳಿದರೆ ಮುಖ ಸಪ್ಪಗಾಗುತ್ತದೆ.

ನಾಲ್ಕು ವರ್ಷ ಭಾಷೆ ಕೇಳಿದ್ದ ದೊಡ್ಡ ಹೆಸರಿನವು ಬೇಡವೆಂದವು. ಒಂದು ಕಾಯುವ ಪಟ್ಟಿಯಲ್ಲಿ ಇರಿಸಿತು. ಯುಸಿಯ ಮೂರು ಕ್ಯಾಂಪಸ್ಸುಗಳು ಬಾ ಎಂದವು. ಭಾಷೆ ಇದರಲ್ಲಿ ಎಷ್ಟು ಕೆಲಸ ಮಾಡಿತೆಂದು ತಿಳಿಯುವ ಉಪಾಯವಿಲ್ಲ, ಕಾರಣ ಯಾರೂ ಬರೆದು ಕಳುಹಿಸುವುದಿಲ್ಲ. ಖಾಸಗಿ ಕಾಲೇಜೊಂದರ ಶುಲ್ಕಕ್ಕೂ ಯುಸಿಯ ಶುಲ್ಕಕ್ಕೂ ಇದ್ದ ಅಂತರವೇ ನಮ್ಮ ತೀರ್ಮಾನ ಮಾಡಿತು, ಮನೆಯಿಂದ ಕಾರಿನಲ್ಲಿ ಹೋಗಿಬರುವ ದೂರವೂ ಆಯಿತು.

ಜುಲೈಯಲ್ಲಿ ಸಾಹಿತ್ಯದ ಎಪಿ ಫಲಿತಾಂಶವೂ ಬಂತು: ಮೂರು. ಅವಳಿಗೆ ಸ್ವಲ್ಪ ಬೇಸರವಾಯಿತು. ಆದರೆ ಪದವಿಗೆ ಕೂಡಿಬರುವ ಯೂನಿಟ್ಟುಗಳ ಲೆಕ್ಕದಲ್ಲಿ ಯುಸಿಗೆ ಈ ಪರೀಕ್ಷೆಯ ಮೂರಕ್ಕೂ ಐದಕ್ಕೂ ಒಂದೇ ಬೆಲೆ. ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳ ಕ್ವಾರ್ಟರ್ ಪದ್ಧತಿಯ ಕ್ಯಾಂಪಸ್ಸಿನಲ್ಲಿ ಭಾಷೆಗೆ ಎಂಟು, ಸಾಹಿತ್ಯಕ್ಕೆ ಎಂಟು, ಒಟ್ಟು 16 ಯೂನಿಟ್ಟುಗಳು ಖಾತೆಗೆ ಬಿದ್ದವು. ಸುಮಾರು ಒಂದು ಕ್ವಾರ್ಟರಿನ ಓದಿನಷ್ಟು. ಭೌತಶಾಸ್ತ್ರಕ್ಕಾಗಿ ಮಾತು ಬಿಟ್ಟಿದ್ದ ನಮ್ಮವರು ಕ್ಯಾಲ್ಕುಲೇಟರ್ ಹಿಡಿದು ಆ ಕ್ವಾರ್ಟರಿನ ಶುಲ್ಕ ಗುಣಿಸಿ, ಸಾಹಿತ್ಯ ಒಳ್ಳೆಯ ಆಯ್ಕೆ ಎಂದು ನಾನು ಅಂದೇ ಹೇಳಿದ್ದೆ ಎಂದರು. ಜೀವಶಾಸ್ತ್ರದ ಕಡ್ಡಾಯ ಸರಣಿ ಮುಗಿಯದೆ ಬೇಗ ಪದವಿ ಸಿಗುವುದಿಲ್ಲ, ಶುಲ್ಕವೇನೂ ಉಳಿಯುವುದಿಲ್ಲ ಎಂದು ಮಗಳು ವಿವರಿಸಿದಳು. ತನ್ನ ಕ್ಯಾಂಪಸ್ಸಿನಲ್ಲಿ ಯೂನಿಟ್ ಹೆಚ್ಚಿದ್ದವರಿಗೆ ತರಗತಿ ಆರಿಸಿಕೊಳ್ಳುವ ಸರದಿ ಬೇಗ ಬರುತ್ತದಂತೆ. ಆ ಸರದಿಯಲ್ಲಿ ಮೊದಲು ಹಿಡಿದದ್ದು ರಸಾಯನಶಾಸ್ತ್ರದ ಲ್ಯಾಬಿನ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಎಂಟಕ್ಕೆ ಏಳುವ ಹಣೆಬರಹ ತಪ್ಪಿತು ಎಂದು ಅಜ್ಜಿಗೆ ಫೋನ್ ಮಾಡಿ ಹೇಳಿದಳು, ಕನ್ನಡದಲ್ಲೇ.